ವಿಳಾಸ ಯಾರ ಕೈಯಲ್ಲಿದೆ? ಇಮೇಲ್, ಆನ್‌ಲೈನ್ ಜಾಹೀರಾತು ಮತ್ತು ಬಗೆಹರಿಯದ ವಾದಗಳು

2024ರಲ್ಲಿ ಗೂಗಲ್ ಜಾಹೀರಾತಿನಿಂದ ಗಳಿಸಿದ್ದು ಸುಮಾರು 26,400 ಕೋಟಿ ಡಾಲರ್. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್‌ಗಳ ಒಡೆತನವಿರುವ ಮೆಟಾ ಗಳಿಸಿದ್ದು ಸುಮಾರು 16,000 ಕೋಟಿ ಡಾಲರ್. ಈ ಹಣ ಕೊಟ್ಟವರಲ್ಲಿ ಬಹುರಾಷ್ಟ್ರೀಯ ಕಂಪನಿಗಳಿವೆ. ಐನೂರು ರೂಪಾಯಿ ತೆತ್ತು ಪೋಸ್ಟ್ ‘ಬೂಸ್ಟ್’ ಮಾಡಿಸುವ ಬಟ್ಟೆ ಅಂಗಡಿ, ಟ್ಯೂಷನ್ ಕ್ಲಾಸು, ಹೋಮ್‌ಸ್ಟೇಗಳೂ ಇವೆ. ಕೊಟ್ಟ ಹಣಕ್ಕೆ ವ್ಯಾಪಾರ ಎಷ್ಟಾಯಿತು ಎಂದು ಕೇಳಿದರೆ ಬಹುಪಾಲು ಜನರಿಗೆ ಉತ್ತರ ಸಿಗುವುದು ಹಣ ಪಡೆದ ಕಂಪನಿಯೇ ತೋರಿಸುವ ಲೆಕ್ಕದಲ್ಲಿ. ಇಷ್ಟು ಮಂದಿ ನೋಡಿದರು, ಇಷ್ಟು ಮಂದಿ ಕ್ಲಿಕ್ ಮಾಡಿದರು, ಇಷ್ಟು ಮಂದಿ ಕೊಂಡರು. ಕೊನೆಯ ಅಂಕಿ ನಿಜವೇ? ಅವರು ಜಾಹೀರಾತು ನೋಡದಿದ್ದರೂ ಕೊಳ್ಳುತ್ತಿದ್ದರೇ?

ಅರ್ಥಶಾಸ್ತ್ರಜ್ಞರು, ಕಾನೂನು ತಜ್ಞರು, ಮಾರಾಟದ ವೃತ್ತಿಯವರು ಈ ಪ್ರಶ್ನೆಯ ಸುತ್ತ ಎರಡು ದಶಕಗಳಿಂದ ವಾದಿಸುತ್ತಿದ್ದಾರೆ. ಜಾಹೀರಾತು ಕೆಲಸ ಮಾಡುತ್ತದೆಯೇ, ಮಾಡಿದರೆ ಅದರ ಬೆಲೆ ತೆರುವವರು ಯಾರು ಎಂಬೆರಡು ಪ್ರಶ್ನೆಗಳ ಮೇಲೆ ಬಹಳಷ್ಟು ಬರವಣಿಗೆ ಬಂದಿದೆ. ಗ್ರಾಹಕರನ್ನು ತಲುಪುವ ವಿಳಾಸ ಯಾರ ಕೈಯಲ್ಲಿರಬೇಕು ಎಂಬ ಮೂರನೆಯ ಪ್ರಶ್ನೆಯ ಚರ್ಚೆ ಕಡಿಮೆ. ಮೊದಲೆರಡರ ಉತ್ತರವೂ ಬಹುಮಟ್ಟಿಗೆ ಇದರ ಮೇಲೇ ನಿಂತಿದೆ ಎಂಬುದು ನನ್ನ ನಂಬಿಕೆ.

ಅಚ್ಚಾದ ಡೈರೆಕ್ಟರಿಯಿಂದ ಗೆಳೆಯರ ಪಟ್ಟಿಗೆ

1978ರ ಮೇ 3ರಂದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ನಿನ ಗ್ಯಾರಿ ಥುಅರ್ಕ್, ಇಂಟರ್ನೆಟ್ಟಿನ ಪೂರ್ವಜ ಜಾಲವಾದ ಅರ್ಪಾನೆಟ್‌ನ ಸುಮಾರು 400 ಬಳಕೆದಾರರಿಗೆ ಒಂದೇ ಪತ್ರ ಕಳಿಸಿದರು. ತಮ್ಮ ಕಂಪನಿಯ ಹೊಸ ಕಂಪ್ಯೂಟರುಗಳನ್ನು ನೋಡಲು ಬನ್ನಿ ಎಂಬ ಆಹ್ವಾನ ಅದರಲ್ಲಿತ್ತು. ವಿಳಾಸಗಳು ಸಿಕ್ಕಿದ್ದು ಬಳಕೆದಾರರ ಅಚ್ಚಾದ ಡೈರೆಕ್ಟರಿಯಲ್ಲಿ. ದೂರುಗಳು ಬಂದವು, ಜಾಲವನ್ನು ನಡೆಸುತ್ತಿದ್ದ ಸೇನಾ ಅಧಿಕಾರಿಗಳು ಸಿಟ್ಟಾದರು. ಅದೇ ಪತ್ರದಿಂದ ಕೋಟ್ಯಂತರ ಡಾಲರ್ ವ್ಯಾಪಾರವಾಯಿತೆಂದು ಥುಅರ್ಕ್ ಮುಂದೆ ಹೇಳಿಕೊಂಡರು. ಜನರಿಗೆ ಕಿರಿಕಿರಿ, ಮಾರುವವರಿಗೆ ಲಾಭ ಎಂಬ ಜಗಳ ಹುಟ್ಟಿದ್ದು ಹೀಗೆ ಒಂದೇ ದಿನ.

ಈ ಚರಿತ್ರೆಯಲ್ಲಿ 1994 ತಿರುವಿನ ವರ್ಷ. ಆ ಏಪ್ರಿಲ್‌ನಲ್ಲಿ ಅರಿಝೋನಾದ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಅರ್ಜಿ ತುಂಬಿಕೊಡುತ್ತೇವೆಂಬ ಜಾಹೀರಾತನ್ನು ಯೂಸ್‌ನೆಟ್‌ನ ಐದು ಸಾವಿರಕ್ಕೂ ಹೆಚ್ಚು ಚರ್ಚಾಗುಂಪುಗಳಿಗೆ ಸುರಿದರು. ನೆಟ್‌ಸ್ಕೇಪ್‌ನ ಲೂ ಮೊಂಟುಲ್ಲಿ ಕುಕೀ ಎಂಬ ಸಣ್ಣ ಗುರುತು-ಕಡತವನ್ನು ರೂಪಿಸಿದ್ದೂ ಅದೇ ವರ್ಷ. ಜಾಲತಾಣವೊಂದು ತನ್ನ ಗ್ರಾಹಕ ಬುಟ್ಟಿಯಲ್ಲಿ ಏನಿಟ್ಟಿದ್ದನೆಂದು ನೆನಪಿಡಲಿ ಎಂಬುದಷ್ಟೇ ಅದರ ಮೊದಲ ಉದ್ದೇಶ. ಅಕ್ಟೋಬರ್ 27ರಂದು ಹಾಟ್‌ವೈರ್ಡ್ ಎಂಬ ಜಾಲಪತ್ರಿಕೆಯಲ್ಲಿ ಎಟಿ ಆಂಡ್ ಟಿ ಕಂಪನಿಯ ಬ್ಯಾನರ್ ಜಾಹೀರಾತು ಬಂತು. ನೋಡಿದವರಲ್ಲಿ ಶೇ. 44ರಷ್ಟು ಜನ ಕ್ಲಿಕ್ ಮಾಡಿದರೆಂಬುದು ದಾಖಲೆ. ಇಂದು ನೂರಕ್ಕೆ ಒಬ್ಬರು ಕ್ಲಿಕ್ ಮಾಡಿದರೂ ಬ್ಯಾನರ್ ಹಾಕಿದವರು ಸಂತೋಷಪಡುತ್ತಾರೆ.

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಹಾಟ್‌ಮೇಲ್ ಶುರುಮಾಡಿದರು. ಬಳಕೆದಾರರು ಕಳಿಸುವ ಪ್ರತಿ ಪತ್ರದ ಕೊನೆಗೆ, ನಿಮಗೂ ಉಚಿತ ಇಮೇಲ್ ಬೇಕೇ ಎಂದು ಕೇಳುವ ಒಂದು ಸಾಲನ್ನು ಅವರು ಸೇರಿಸಿದರು. ಒಂದೂವರೆ ವರ್ಷದಲ್ಲಿ ಬಳಕೆದಾರರ ಸಂಖ್ಯೆ ಕೋಟಿಯ ಹತ್ತಿರ ಬಂದು, ಸುಮಾರು 40 ಕೋಟಿ ಡಾಲರಿಗೆ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ಪರಿಚಯದವರ ಪತ್ರದೊಡನೆ ಜಾಹೀರಾತೂ ಮನೆಗೆ ಬಂದರೆ ಜನ ಬಾಗಿಲು ಹಾಕುವುದಿಲ್ಲ ಎಂಬುದು ಆಗ ಗೊತ್ತಾಯಿತು.

2007ರ ನವೆಂಬರ್‌ನಲ್ಲಿ ಫೇಸ್‌ಬುಕ್ ತನ್ನ ಜಾಹೀರಾತು ವ್ಯವಸ್ಥೆಯ ಜೊತೆಗೆ ‘ಬೀಕನ್’ ಎಂಬುದನ್ನು ಹೊರತಂದಾಗ ಇದೇ ತಿಳಿವಳಿಕೆ ಅತಿರೇಕಕ್ಕೆ ಹೋಯಿತು. ಒಬ್ಬರು ಬೇರೆ ಜಾಲತಾಣದಲ್ಲಿ ಕೊಂಡ ವಸ್ತುವಿನ ಸುದ್ದಿಯನ್ನು ಅವರ ಗೆಳೆಯರಿಗೆಲ್ಲ ತಾನೇ ಸಾರುವುದು ಬೀಕನ್ನಿನ ಕೆಲಸ. ಮೊಕದ್ದಮೆ ಬಿತ್ತು, 2009ರಲ್ಲಿ ಅದು ಮುಚ್ಚಿತು. ಗೆಳೆಯರ ಪಟ್ಟಿಯೇ ಜಾಹೀರಾತಿನ ಬಂಡವಾಳ ಎಂಬ ವಿಚಾರ ಮಾತ್ರ ಅಲ್ಲೇ ಉಳಿಯಿತು.

ಕೇಳಿ ಕಳಿಸಬೇಕು ಎನ್ನುವವರು

ಮಾರಾಟ ತಜ್ಞ ಸೆತ್ ಗೋಡಿನ್ 1999ರಲ್ಲಿ ‘ಪರ್ಮಿಶನ್ ಮಾರ್ಕೆಟಿಂಗ್’ ಪುಸ್ತಕ ಬರೆದರು. ನಡುವೆ ಬಾಯಿಹಾಕುವ ಜಾಹೀರಾತಿನ ಕಾಲ ಮುಗಿಯಿತು, ತಾವಾಗಿ ಹೆಸರು ಬರೆಸಿದವರಿಗೆ, ಅವರು ಎದುರುನೋಡುವ ಸಂಗತಿಯನ್ನೇ ಕಳಿಸಬೇಕು ಎಂಬುದು ಅವರ ವಾದ. ಇಂದಿನ ಇಮೇಲ್ ಮಾರ್ಕೆಟಿಂಗ್‌ನ ನೀತಿಪಾಠಗಳೆಲ್ಲ ಇಲ್ಲಿಂದ ಹೊರಟವು.

ಕಾನೂನು ಎರಡು ದಾರಿ ಹಿಡಿಯಿತು. ಮೊದಲು ಒಪ್ಪಿಗೆ, ಆಮೇಲೆ ಪತ್ರ ಎಂದಿತು ಯುರೋಪಿನ 2002ರ ನಿರ್ದೇಶನ. ಬೇಡ ಎನ್ನುವ ತನಕ ಕಳಿಸಬಹುದು ಎಂದಿತು ಅಮೆರಿಕದ 2003ರ ಕಾಯಿದೆ. ಎರಡೂ ಸ್ಪ್ಯಾಮ್ ಎನ್ನುವ ಬೇಡದ ಪತ್ರಗಳನ್ನು ನಿಲ್ಲಿಸಲಿಲ್ಲ. ಇನ್ನೆರಡು ವರ್ಷದಲ್ಲಿ ಸ್ಪ್ಯಾಮ್ ಸಮಸ್ಯೆ ಬಗೆಹರಿಯುತ್ತದೆ ಎಂದು 2004ರ ಜನವರಿಯಲ್ಲಿ ಬಿಲ್ ಗೇಟ್ಸ್ ನುಡಿದದ್ದೂ ನಿಜವಾಗಲಿಲ್ಲ. ಹತೋಟಿ ತಂದದ್ದು ಪತ್ರ ಸೋಸುವ ತಂತ್ರಾಂಶ. 2002ರಲ್ಲಿ ಪಾಲ್ ಗ್ರಹಾಂ ವಿವರಿಸಿದ, ಪದಗಳ ಸಂಭವನೀಯತೆ ಎಣಿಸುವ ವಿಧಾನ ಎಲ್ಲೆಡೆ ಹಬ್ಬಿತು. 2013ರಲ್ಲಿ ಜಿಮೇಲ್ ಪ್ರಮೋಷನ್ ಪತ್ರಗಳನ್ನು ಬೇರೆ ಟ್ಯಾಬಿಗೆ ತಳ್ಳಿತು. 2024ರ ಫೆಬ್ರವರಿಯಿಂದ, ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರು ತಮ್ಮ ಗುರುತನ್ನು ತಾಂತ್ರಿಕವಾಗಿ ಸಾಬೀತು ಮಾಡಬೇಕು, ಒಂದೇ ಒತ್ತಿಗೆ ಚಂದಾ ರದ್ದಾಗಬೇಕು, ಸ್ಪ್ಯಾಮ್ ದೂರು ಶೇ. 0.3 ಮೀರಬಾರದು ಎಂದು ಗೂಗಲ್ ಮತ್ತು ಯಾಹೂ ನಿಯಮ ಮಾಡಿದವು. ನಿಯಮಗಳು ಒಳ್ಳೆಯವು. ಆದರೆ ಶಾಸನಸಭೆ ಮಾಡಬೇಕಾದ ಕೆಲಸ ಎರಡು ಕಂಪನಿಗಳ ಪಾಲಾಗಿರುವುದನ್ನು ಮರೆಯಬಾರದು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟ ಇಮೇಲ್ ರವಾನೆಯ ನಿಯಮಾವಳಿಗೆ ಮಾಲೀಕರಿಲ್ಲ, ಆದರೆ ಅಂಚೆಪೆಟ್ಟಿಗೆಗಳಿಗೆ ಈಗ ಇದ್ದಾರೆ.

ಒಪ್ಪಿಗೆ ಪಡೆದ ಪಟ್ಟಿಗೆ ಎಂಥ ಶಕ್ತಿಯಿದೆ ಎಂಬುದನ್ನು ತೋರಿಸಿದ್ದು 2012ರ ಒಬಾಮ ಚುನಾವಣಾ ಪ್ರಚಾರ. ಆನ್‌ಲೈನ್‌ನಲ್ಲಿ ಕೂಡಿದ ಸುಮಾರು 69 ಕೋಟಿ ಡಾಲರ್ ದೇಣಿಗೆಯಲ್ಲಿ ಬಹುಪಾಲು ಬಂದದ್ದು ಇಮೇಲ್‌ನಿಂದ. ಒಂದೊಂದು ಪತ್ರಕ್ಕೂ ಹಲವು ಕರಡು, ಹಲವು ವಿಷಯಸಾಲು. ಮೊದಲು ಪಟ್ಟಿಯ ಸಣ್ಣ ಗುಂಪುಗಳಿಗೆ ಒಂದೊಂದನ್ನು ಕಳಿಸಿ, ಹೆಚ್ಚು ಹಣ ತಂದದ್ದನ್ನು ಉಳಿದವರಿಗೆಲ್ಲ ಕಳಿಸುತ್ತಿದ್ದರು. ಎದುರಾಳಿ ನನಗಿಂತ ಹೆಚ್ಚು ಖರ್ಚು ಮಾಡಲಿದ್ದಾರೆ ಎಂಬ ಅರ್ಥದ ಬೋಳು ಸಾಲೊಂದು 26 ಲಕ್ಷ ಡಾಲರಿಗೂ ಮಿಕ್ಕಿ ತಂದಿತು. ಚೆಂದದ ವಿನ್ಯಾಸದ ಪತ್ರಗಳಿಗಿಂತ, ಪರಿಚಿತರೊಬ್ಬರು ಅವಸರದಲ್ಲಿ ಗೀಚಿದಂತಿದ್ದ ಪತ್ರಗಳೇ ಗೆದ್ದವು. ಯಾವ ಕರಡು ಗೆಲ್ಲುತ್ತದೆಂದು ಬರೆದವರೇ ಊಹಿಸಿದಾಗ ಅವರ ಊಹೆ ಪದೇಪದೇ ತಪ್ಪಿತು. ಆದ್ದರಿಂದ ಅವರು ಊಹಿಸುವುದನ್ನು ಬಿಟ್ಟು ಪರೀಕ್ಷಿಸಿದರು. ಪಟ್ಟಿ ಅವರದೇ ಆಗಿದ್ದರಿಂದ, ಅಳತೆಯೂ ಅವರ ಕೈಯಲ್ಲೇ ಇದ್ದುದರಿಂದ ಇದು ಸಾಧ್ಯವಾಯಿತು.

ಸಾಮಾಜಿಕ ಮಾಧ್ಯಮಗಳು ಬಂದಮೇಲೂ ಇಮೇಲ್ ಯಾಕೆ ಉಳಿಯಿತು ಎಂಬುದಕ್ಕೆ ಈ ಪಂಥ ಸರಿಯಾದ ಉತ್ತರ ಕೊಡುತ್ತದೆ. ಫೇಸ್‌ಬುಕ್ ಪುಟದ ಲಕ್ಷ ಫಾಲೋವರ್‌ಗಳಲ್ಲಿ ಇಂದಿನ ಪೋಸ್ಟ್ ಎಷ್ಟು ಜನಕ್ಕೆ ಕಾಣಬೇಕೆಂದು ತೀರ್ಮಾನಿಸುವುದು ಫೇಸ್‌ಬುಕ್. ಕಳೆದ ದಶಕದಲ್ಲಿ ಅದು ಆ ಪಾಲನ್ನು ಇಳಿಸುತ್ತ ಬಂತು, ಉಳಿದವರನ್ನು ತಲುಪಲು ಹಣ ಕೇಳಿತು. ಇಮೇಲ್ ಪಟ್ಟಿಯನ್ನಾದರೆ ಒಂದು ಕಡತದಲ್ಲಿ ಇಳಿಸಿಕೊಂಡು ಬೇರೆ ಸೇವೆಗೆ ಹೋಗಬಹುದು. ಹಾಗಿದ್ದರೂ ನಮ್ಮ ಹೆಸರನ್ನೇ ಕೇಳದ ಹೊಸ ಗ್ರಾಹಕರು ಎಲ್ಲಿಂದ ಬರಬೇಕು ಎಂಬುದಕ್ಕೆ ಈ ಪಂಥದಲ್ಲಿ ಉತ್ತರವಿಲ್ಲ.

ಗುರಿಯಿಡುವವರು

ಅದಕ್ಕೆ ಉತ್ತರ ಕೊಡುವವರು ಗುರಿ ಜಾಹೀರಾತಿನ ಸಮರ್ಥಕರು. ಒಬ್ಬರು ಸುದ್ದಿತಾಣವೊಂದನ್ನು ತೆರೆದರೆಂದುಕೊಳ್ಳಿ. ಪುಟ ಪೂರ್ತಿ ಮೂಡುವ ಮೊದಲೇ ಅವರ ಫೋನು ಯಾವುದು, ಊರು ಯಾವುದು, ಹಿಂದೆ ಏನೇನು ನೋಡಿದ್ದಾರೆ ಎಂಬ ವಿವರ ಹರಾಜಿಗೆ ಹೋಗುತ್ತದೆ. ಹತ್ತಾರು ಯಂತ್ರಗಳು ಈ ಒಂದು ಜೊತೆ ಕಣ್ಣಿಗೆ ಬೆಲೆ ಕೂಗುತ್ತವೆ. ಗೆದ್ದ ಜಾಹೀರಾತು ಪುಟದ ಖಾಲಿ ಜಾಗದಲ್ಲಿ ಬಂದು ಕೂರುತ್ತದೆ. ಇಷ್ಟಕ್ಕೆ ಹಿಡಿಯುವ ಸಮಯ ಸೆಕೆಂಡಿನ ಹತ್ತನೇ ಒಂದು ಭಾಗ. ಗೂಗಲ್ ಹುಡುಕಾಟದಲ್ಲಿ, ಫೇಸ್‌ಬುಕ್‌ನಲ್ಲಿ ಹೆಚ್ಚು ಕೂಗಿದವರೇ ಗೆಲ್ಲಬೇಕೆಂದಿಲ್ಲ. ಆ ವ್ಯಕ್ತಿ ಕ್ಲಿಕ್ ಮಾಡುವ ಸಾಧ್ಯತೆ ಎಷ್ಟೆಂಬ ಯಂತ್ರದ ಅಂದಾಜೂ ಬೆಲೆಯೊಂದಿಗೆ ಸೇರುತ್ತದೆ.

ಸಣ್ಣ ವ್ಯಾಪಾರಿಗೆ ಇದು ದೊಡ್ಡ ವರ. ಇಳಕಲ್ ಸೀರೆ ಮಾರುವವರಿಗೆ ಹಿಂದೆ ನ್ಯೂಜೆರ್ಸಿಯ ಕನ್ನಡಿಗರ ಮನೆಗೆ ತಮ್ಮ ಹೊಸ ಅಂಚಿನ ಚಿತ್ರ ತಲುಪಿಸಲು ದಾರಿಯೇ ಇರಲಿಲ್ಲ. ಈಗ ಒಂದು ಊಟದ ಖರ್ಚಿನಲ್ಲಿ ಆಗುತ್ತದೆ. ಆ್ಯಪಲ್ 2021ರ ಏಪ್ರಿಲ್‌ನಲ್ಲಿ, ಆ್ಯಪ್‌ಗಳು ಹಿಂಬಾಲಿಸಲು ಬಳಕೆದಾರರ ಅನುಮತಿ ಕೇಳಲೇಬೇಕು ಎಂಬ ನಿಯಮ ತಂದಿತು. ಇದರಿಂದ 2022ರಲ್ಲಿ ಸುಮಾರು 1,000 ಕೋಟಿ ಡಾಲರ್ ಆದಾಯ ತಪ್ಪಬಹುದೆಂದು ಮೆಟಾ ಹೇಳಿತು. ಗುರಿಯಿಡುವುದು ಬರಿ ಭ್ರಮೆಯಾಗಿದ್ದರೆ ಇಷ್ಟು ಹಾನಿ ಆಗುತ್ತಿತ್ತೇ ಎಂದು ಈ ಪಂಥ ಕೇಳುತ್ತದೆ. ಈ ಪ್ರಶ್ನೆಗೆ ತೂಕವಿದೆ.

ಈ ಲಾಭ ಯಾರಿಗೆ ಎಂಬಲ್ಲಿ ಅಧ್ಯಯನಗಳೇ ಒಂದಕ್ಕೊಂದು ಹೊಂದುವುದಿಲ್ಲ. ಹಿಂಬಾಲಿಸಬೇಡಿ ಎಂದ ಅಮೆರಿಕನ್ನರಿಗೆ ತೋರಿಸುವ ಜಾಹೀರಾತಿನ ಜಾಗಕ್ಕೆ ಹರಾಜಿನಲ್ಲಿ ಸುಮಾರು ಶೇ. 52ರಷ್ಟು ಕಡಿಮೆ ಬೆಲೆ ಸಿಗುತ್ತದೆ ಎಂದು ಗ್ಯಾರೆಟ್ ಜಾನ್ಸನ್ ಮತ್ತು ಸಂಗಡಿಗರು 2020ರಲ್ಲಿ ಕಂಡರು. ಕುಕೀ ಇದ್ದಾಗ ಪ್ರಕಾಶಕರಿಗೆ ಸಿಗುವ ಹೆಚ್ಚುವರಿ ಆದಾಯ ಬರೀ ಶೇ. 4 ಎಂದು ಅಲೆಸಾಂಡ್ರೊ ಅಕ್ವಿಸ್ತಿ ಇದ್ದ ತಂಡ 2019ರಲ್ಲಿ ಲೆಕ್ಕ ಹಾಕಿತ್ತು. ದತ್ತಾಂಶ ಬೇರೆ, ವಿಧಾನ ಬೇರೆ. ನೆದರ್ಲೆಂಡ್ಸ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಪಿಒ 2020ರಲ್ಲಿ ಕುಕೀ ಕೈಬಿಟ್ಟು, ಲೇಖನದ ವಿಷಯಕ್ಕೆ ತಕ್ಕ ಜಾಹೀರಾತು ಹಾಕಿದಾಗ ಅದರ ಜಾಹೀರಾತು ಆದಾಯ ಏರಿತು. ಪತ್ರಿಕೆಗಳವರು ಗಮನಿಸಬೇಕಾದ ಉದಾಹರಣೆ ಇದು.

ಅಳತೆಗೋಲನ್ನೇ ಒಪ್ಪದವರು

ಈ ವಿವಾದದಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವುದು ಇಬೇ ಕಂಪನಿಯ ಪ್ರಯೋಗ. ಗೂಗಲ್, ಯಾಹೂಗಳಲ್ಲಿ ಯಾರಾದರೂ ಇಬೇ ಎಂದು ಟೈಪ್ ಮಾಡಿದರೆ ಮೇಲೆ ಇಬೇ ಜಾಹೀರಾತು ಬರುತ್ತಿತ್ತು. ಕ್ಲಿಕ್ಕಿಗೆ ಕಂಪನಿ ಹಣ ಕಟ್ಟುತ್ತಿತ್ತು. ಲೆಕ್ಕದ ಪ್ರಕಾರ ಆ ಕ್ಲಿಕ್‌ಗಳಿಂದ ಭರ್ಜರಿ ವ್ಯಾಪಾರ. ಕಂಪನಿಯೊಳಗಿದ್ದ ಅರ್ಥಶಾಸ್ತ್ರಜ್ಞರಾದ ಥಾಮಸ್ ಬ್ಲೇಕ್, ಕ್ರಿಸ್ ನೋಸ್ಕೊ, ಸ್ಟೀವನ್ ಟಡೆಲಿಸ್ 2012ರಲ್ಲಿ ಯಾಹೂ ಮತ್ತು ಮೈಕ್ರೋಸಾಫ್ಟ್ ಹುಡುಕಾಟಗಳಲ್ಲಿ ಈ ಜಾಹೀರಾತು ನಿಲ್ಲಿಸಿ, ಗೂಗಲ್‌ನಲ್ಲಿ ಮುಂದುವರಿಸಿ ಹೋಲಿಸಿದರು. ನಿಲ್ಲಿಸಿದ ಕಡೆ ಕಳೆದುಹೋಗಬೇಕಿದ್ದ ಕ್ಲಿಕ್‌ಗಳಲ್ಲಿ ಶೇ. 99.5ರಷ್ಟು, ಜಾಹೀರಾತಿನ ಕೆಳಗಿದ್ದ ಉಚಿತ ಕೊಂಡಿಯ ಮೂಲಕ ಬಂದವು. ಬರುವವರು ಹೇಗೂ ಬರುತ್ತಿದ್ದರು. ಜಾತ್ರೆಗೆಂದೇ ಹೊರಟು ಬಸ್ಸಿಗೆ ಕಾಯುತ್ತಿರುವವರಿಗೆ ಕರಪತ್ರ ಹಂಚಿ, ನನ್ನ ಕರಪತ್ರದಿಂದಲೇ ಜಾತ್ರೆ ತುಂಬಿತು ಎಂದು ಲೆಕ್ಕ ಬರೆದಂತಾಗಿತ್ತು ಅದು. ಇಬೇಯನ್ನು ಅಷ್ಟಾಗಿ ಬಳಸದವರ, ಹೊಸಬರ ಮೇಲೆ ಮಾತ್ರ ಹುಡುಕಾಟದ ಜಾಹೀರಾತು ಪರಿಣಾಮ ಬೀರಿತ್ತು.

ಹಾಗಾದರೆ ಎಲ್ಲರೂ ಇಂಥ ಪ್ರಯೋಗ ಮಾಡಬಾರದೇಕೆ? ರ್‍ಯಾಂಡಲ್ ಲೂಯಿಸ್ ಮತ್ತು ಜಸ್ಟಿನ್ ರಾವ್ 2015ರಲ್ಲಿ ಇದಕ್ಕೆ ಉತ್ತರಿಸಿದರು. ಅವರು 25 ದೊಡ್ಡ ಪ್ರಯೋಗಗಳನ್ನು ಪರಿಶೀಲಿಸಿದ್ದರು. ಜನರ ಖರೀದಿ ವಾರದಿಂದ ವಾರಕ್ಕೆ ಎಷ್ಟು ಏರಿಳಿಯುತ್ತದೆಂದರೆ, ಜಾಹೀರಾತಿನ ಸಣ್ಣ ಪರಿಣಾಮವನ್ನು ಆ ಏರಿಳಿತದಿಂದ ಬೇರ್ಪಡಿಸಲು ಲಕ್ಷಾಂತರ ಜನರನ್ನು ವಾರಗಟ್ಟಲೆ ಗಮನಿಸಬೇಕಾಗುತ್ತದೆ. ದೊಡ್ಡ ಕಂಪನಿಗಳಿಗೇ ಇದು ಕಷ್ಟ, ಬಟ್ಟೆ ಅಂಗಡಿಗೆ ಅಸಾಧ್ಯ. ಫೇಸ್‌ಬುಕ್‌ನ 15 ಪ್ರಯೋಗಗಳ ಮೇಲೆ 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಉದ್ಯಮದಲ್ಲಿ ರೂಢಿಯಲ್ಲಿರುವ ಲೆಕ್ಕಾಚಾರಗಳು ನಿಜವಾದ ಪ್ರಯೋಗದ ಫಲಿತಾಂಶಕ್ಕೆ ಹಲವೆಡೆ ಹೊಂದುವುದಿಲ್ಲ ಎಂದಿತು. 2017ರಲ್ಲಿ ಪ್ರಾಕ್ಟರ್ ಆಂಡ್ ಗ್ಯಾಂಬಲ್ ಒಂದೇ ತ್ರೈಮಾಸಿಕದಲ್ಲಿ 10 ಕೋಟಿ ಡಾಲರಿಗೂ ಹೆಚ್ಚು ಡಿಜಿಟಲ್ ಜಾಹೀರಾತು ಕಡಿತ ಮಾಡಿ, ಬೆಳವಣಿಗೆಗೆ ಪೆಟ್ಟಾಗಲಿಲ್ಲ ಎಂದು ಘೋಷಿಸಿತು. ಹಣ ಎಲ್ಲಿ ಹೋಗುತ್ತದೆ ಎಂಬುದೂ ಪ್ರಶ್ನೆಯೇ. ಜಾಹೀರಾತುದಾರರು ಕೊಟ್ಟದ್ದರಲ್ಲಿ ಪ್ರಕಾಶಕರ ಕೈಸೇರುವುದು ಶೇ. 51, ಶೇ. 15ಕ್ಕೆ ಲೆಕ್ಕವೇ ಸಿಗುವುದಿಲ್ಲ ಎಂದು 2020ರಲ್ಲಿ ಬ್ರಿಟನ್ನಿನ ಜಾಹೀರಾತುದಾರರ ಸಂಘ ಮಾಡಿಸಿದ ಅಧ್ಯಯನ ಕಂಡುಕೊಂಡಿತು.

ಇದೇ ಅನುಮಾನವನ್ನು ಬೇರೆ ದಿಕ್ಕಿನಿಂದ ಎತ್ತಿದವರು ಮಾರಾಟ ಸಂಶೋಧಕರಾದ ಬೈರನ್ ಶಾರ್ಪ್, ಲೆಸ್ ಬಿನೆಟ್, ಪೀಟರ್ ಫೀಲ್ಡ್. ಇಂದೇ ಕೊಳ್ಳುವವರ ಬೆನ್ನುಹತ್ತುವ ಬದಲು ಎಲ್ಲರ ನೆನಪಿನಲ್ಲಿ ಉಳಿಯುವಂತೆ ಮಾಡುವುದು ಬ್ರ್ಯಾಂಡಿಗೆ ಲಾಭ ಎನ್ನುತ್ತಾರೆ ಇವರು. ಇಮೇಲ್ ಕೂಡ ಅಳತೆಯ ಕಾಯಿಲೆಯಿಂದ ಪಾರಾಗಿಲ್ಲ. ಪತ್ರದೊಳಗೆ ಅಡಗಿಸಿದ ಒಂದು ಚುಕ್ಕೆಯಷ್ಟು ಚಿತ್ರ ತೆರೆದುಕೊಂಡರೆ ಪತ್ರ ಓದಿದರೆಂದು ಎಣಿಸುವುದು ರೂಢಿಯಾಗಿತ್ತು. 2021ರಲ್ಲಿ ಆ್ಯಪಲ್ ಆ ಚಿತ್ರಗಳನ್ನು ತಾನೇ ಮೊದಲೇ ತೆರೆದಿಡತೊಡಗಿದ ಮೇಲೆ ಎಷ್ಟು ಜನ ಓದಿದರೆಂಬ ಅಂಕಿ ನಂಬಲಾರದಂತಾಯಿತು.

ಬೇಹುಗಾರಿಕೆಯ ಆಕ್ಷೇಪ

ವಿದ್ವಾಂಸೆ ಶೋಶಾನಾ ಝುಬಾಫ್ 2019ರ ಪುಸ್ತಕದಲ್ಲಿ, ಜನರನ್ನು ಹಿಂಬಾಲಿಸಿ ಜಾಹೀರಾತು ಮಾರುವ ಈ ವ್ಯವಸ್ಥೆಯನ್ನು ಕಣ್ಗಾವಲು ಬಂಡವಾಳಶಾಹಿ ಎಂದು ಕರೆದರು. ನಮ್ಮ ನಡವಳಿಕೆಯೇ ಕಚ್ಚಾವಸ್ತು, ಮುಂದೆ ನಾವೇನು ಮಾಡುತ್ತೇವೆಂಬ ಊಹೆಯೇ ಮಾರುವ ಸರಕು ಎಂಬುದು ಅವರ ವಾದ. ಅದರ ಹಿಂದಿನ ವರ್ಷ, 8.7 ಕೋಟಿ ಫೇಸ್‌ಬುಕ್ ಬಳಕೆದಾರರ ಮಾಹಿತಿ ಕೇಂಬ್ರಿಡ್ಜ್ ಅನಲಿಟಿಕಾ ಎಂಬ ರಾಜಕೀಯ ಸಲಹಾ ಸಂಸ್ಥೆಯ ಕೈಸೇರಿದ್ದು ಬಯಲಾಗಿತ್ತು. ಬೆಂಗಳೂರಿನ ಮೊಬೈಲ್ ಜಾಹೀರಾತು ಕಂಪನಿ ಇನ್‌ಮೊಬಿಯ ಮೇಲೂ ಅಮೆರಿಕದ ವ್ಯಾಪಾರ ಆಯೋಗ ಕ್ರಮ ಕೈಗೊಂಡಿದೆ. ಸ್ಥಳದ ಮಾಹಿತಿ ಬೇಡವೆಂದವರನ್ನೂ ಹಿಂಬಾಲಿಸಿದ ಆರೋಪದಲ್ಲಿ ಕಂಪನಿ 2016ರಲ್ಲಿ 9.5 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು.

ಜಾಹೀರಾತು ನಿಷ್ಪ್ರಯೋಜಕ ಎನ್ನುವವರೂ, ಅದು ನಮ್ಮ ಮನಸ್ಸನ್ನೇ ಆಳುತ್ತದೆ ಎನ್ನುವವರೂ ಪೂರ್ತಿ ಸರಿಯಿರಲು ಸಾಧ್ಯವಿಲ್ಲ. ಆದರೆ ಬೇಹುಗಾರಿಕೆಯ ಹಾನಿ ಸಾಬೀತಾಗಲು ಜಾಹೀರಾತು ಯಶಸ್ವಿಯಾಗಲೇಬೇಕೆಂದಿಲ್ಲ. 2019ರಲ್ಲಿ ಮುಹಮ್ಮದ್ ಅಲಿ, ಪಿಯೋತ್ರ್ ಸಾಪಿಯೆಝಿನ್‌ಸ್ಕಿ ಮತ್ತಿತರರು ಫೇಸ್‌ಬುಕ್‌ನಲ್ಲಿ ಉದ್ಯೋಗದ ಜಾಹೀರಾತು ಹಾಕಿ ನೋಡಿದರು. ಹೆಣ್ಣು, ಗಂಡು, ಜನಾಂಗ ಯಾವುದನ್ನೂ ಅವರು ಆರಿಸಿರಲಿಲ್ಲ. ಆದರೂ ಸೂಪರ್ ಮಾರ್ಕೆಟ್ಟಿನ ಕ್ಯಾಷಿಯರ್ ಕೆಲಸದ ಜಾಹೀರಾತು ನೋಡಿದವರಲ್ಲಿ ಶೇ. 85 ಹೆಂಗಸರು. ಮರ ಕಡಿಯುವ ಕೆಲಸದ್ದನ್ನು ನೋಡಿದವರಲ್ಲಿ ಶೇ. 90 ಗಂಡಸರು. ಯಾರು ಕ್ಲಿಕ್ ಮಾಡಿಯಾರು ಎಂದು ಯಂತ್ರ ಊಹಿಸಿತ್ತು, ಉಳಿದವರಿಗೆ ಆ ಕೆಲಸ ಖಾಲಿಯಿದೆ ಎಂಬ ಸುದ್ದಿಯೇ ಮುಟ್ಟಲಿಲ್ಲ.

ಮೋಸದ ಜಾಹೀರಾತಿನದು ಇನ್ನೊಂದು ಕಥೆ. ತಮ್ಮ ಮುಖ, ದನಿಗಳನ್ನು ನಕಲು ಮಾಡಿದ ಹೂಡಿಕೆ ಜಾಹೀರಾತುಗಳನ್ನು ನಂಬಬೇಡಿ ಎಂದು ಎನ್.ಆರ್. ನಾರಾಯಣ ಮೂರ್ತಿ 2023ರ ಡಿಸೆಂಬರ್‌ನಲ್ಲಿ ಬಹಿರಂಗವಾಗಿ ಎಚ್ಚರಿಸಬೇಕಾಯಿತು. ಮೆಟಾದ 2024ರ ಆದಾಯದಲ್ಲಿ ಶೇ. 10ರಷ್ಟು ಮೋಸದ ಹಾಗೂ ನಿಷೇಧಿತ ಸರಕುಗಳ ಜಾಹೀರಾತಿನಿಂದ ಬರಬಹುದೆಂದು ಕಂಪನಿಯ ಆಂತರಿಕ ಕಡತವೇ ಅಂದಾಜಿಸಿತ್ತು ಎಂದು 2025ರ ನವೆಂಬರ್‌ನಲ್ಲಿ ರಾಯಿಟರ್ಸ್ ವರದಿ ಮಾಡಿತು. ಆ ಅಂದಾಜು ಉತ್ಪ್ರೇಕ್ಷಿತ ಎಂದಿತು ಮೆಟಾ. ಶೇ. 10ರ ಅರ್ಧವೇ ನಿಜವಾದರೂ ಅದು ಕ್ಷಮಿಸತಕ್ಕ ಮಾತಲ್ಲ.

ನಮ್ಮಲ್ಲಿ ವಿಳಾಸವೆಂದರೆ ಫೋನ್ ನಂಬರು

ಭಾರತದಲ್ಲಿ ಬಹುಪಾಲು ಜನರಿಗೆ ಇಮೇಲ್ ಆಫೀಸಿನ ಸಂಗತಿ. ವ್ಯಾಪಾರದ ವಿಳಾಸವೆಂದರೆ ಮೊಬೈಲ್ ನಂಬರು. ನಮ್ಮ ಕಾನೂನೂ ಅದರ ಹಿಂದೆಯೇ ಹೋಯಿತು. ಬೇಡದ ಕರೆ, ಎಸ್ಸೆಮ್ಮೆಸ್‌ಗಳಿಗೆ 1909 ಎಂಬ ಸಂಖ್ಯೆಯ ಮೂಲಕ ತಡೆ ಹಾಕಿಸಬಹುದು. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮಗಳ ಪ್ರಕಾರ ಕಳಿಸುವವರು ನೋಂದಾಯಿಸಬೇಕು, 2025ರ ತಿದ್ದುಪಡಿಯಂತೆ ಪ್ರಚಾರದ ಎಸ್ಸೆಮ್ಮೆಸ್ ಕಳಿಸಿದವರ ಹೆಸರಿನ ಕೊನೆಗೆ ಪಿ ಅಕ್ಷರ ಇರಬೇಕು. ವಾಟ್ಸಾಪ್ ಈ ನಿಯಮಗಳ ಹೊರಗಿದೆ. ಇಮೇಲ್‌ಗೆ ತಕ್ಕಮಟ್ಟಿಗೆ ಅನ್ವಯಿಸುತ್ತಿದ್ದ ಐಟಿ ಕಾಯಿದೆಯ 66ಎ ಕಲಮು ಮಾತಿನ ಸ್ವಾತಂತ್ರ್ಯಕ್ಕೆ ಕಂಟಕವೆಂದು 2015ರಲ್ಲಿ ರದ್ದಾಯಿತು. ಅದು ಹೋದದ್ದು ನ್ಯಾಯವೇ. ಆದರೆ ಸ್ಪ್ಯಾಮ್ ಇಮೇಲಿಗೆಂದೇ ಒಂದು ಕಾನೂನನ್ನು ಸಂಸತ್ತು ಮಾಡಲಿಲ್ಲ.

ಒಪ್ಪಿಗೆಯ ತತ್ವ ನಮ್ಮಲ್ಲಿ ಬೇರೆ ಬಾಗಿಲಿನಿಂದ ಬಂತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೂಡಿದ ದಾವೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಆ ತೀರ್ಪಿನ ದಾರಿಯಲ್ಲೇ ಬಂದದ್ದು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಆಗಬೇಕು ಎನ್ನುತ್ತದೆ ಅದು. 18 ವರ್ಷದೊಳಗಿನವರನ್ನು ಹಿಂಬಾಲಿಸಿ ಗುರಿ ಜಾಹೀರಾತು ತೋರಿಸುವುದನ್ನು ನಿಷೇಧಿಸುತ್ತದೆ.

ವಾಟ್ಸಾಪ್ ಬಿಸಿನೆಸ್ 2018ರಲ್ಲಿ ಬಂದಾಗಿನಿಂದ ಊರೂರಿನ ಅಂಗಡಿಗಳ ಲೆಕ್ಕಪುಸ್ತಕ ಅದರೊಳಗೆ ಸೇರಿದೆ. ನಂಬರು ವ್ಯಾಪಾರಿಯದೇ. ಆದರೆ ಸಾವಿರಾರು ಗ್ರಾಹಕರಿಗೆ ಒಟ್ಟಿಗೆ ಪ್ರಚಾರದ ಸಂದೇಶ ಕಳಿಸಬೇಕಾದಾಗ ಒಂದೊಂದಕ್ಕೂ ದರ ನಿಗದಿ ಮಾಡುವುದು ಮೆಟಾ. ವಾಟ್ಸಾಪ್‌ನ 2021ರ ಖಾಸಗಿತನ ನೀತಿಗಾಗಿ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾಕ್ಕೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು. ಜಾಹೀರಾತಿಗಾಗಿ ಮಾಹಿತಿ ಹಂಚಿಕೊಳ್ಳುವುದಕ್ಕೆ ಐದು ವರ್ಷ ತಡೆಯನ್ನೂ ಹಾಕಿತ್ತು. ಒಂದು ವರ್ಷದ ನಂತರ ಮೇಲ್ಮನವಿ ನ್ಯಾಯಮಂಡಳಿ ದಂಡ ಉಳಿಸಿ, ತಡೆ ತೆರವು ಮಾಡಿತು.

ತೀರ್ಮಾನವಾಗದೆ ಉಳಿದವು

ಅಳತೆಯ ವಿವಾದ ತೀರುವ ಬದಲು ಜಟಿಲವಾಗುತ್ತಿದೆ. ಗೂಗಲ್ ಮತ್ತು ಮೆಟಾದ ಹೊಸ ವ್ಯವಸ್ಥೆಗಳಲ್ಲಿ ಜಾಹೀರಾತುದಾರರು ಹಣ, ಚಿತ್ರ ಒದಗಿಸಿದರೆ ಸಾಕು, ಯಾರಿಗೆ ಯಾವಾಗ ತೋರಿಸಬೇಕೆಂಬುದನ್ನು ಯಂತ್ರವೇ ನಿರ್ಧರಿಸುತ್ತದೆ. ಹೊರಗಿನವರು ಪರೀಕ್ಷಿಸಲು ಇನ್ನಷ್ಟು ಕಡಿಮೆ ಎಡೆ. ಕುಕೀಗಳ ಗತಿಯೂ ತಿಳಿಯಾಗಿಲ್ಲ. ಹೊರಗಿನವರ ಕುಕೀಗಳನ್ನು ಕ್ರೋಮ್‌ನಿಂದ ತೆಗೆಯುತ್ತೇವೆಂದು 2020ರಲ್ಲಿ ಹೇಳಿದ ಗೂಗಲ್ 2024ರಲ್ಲಿ ಹಿಂದೆ ಸರಿಯಿತು. ಜಾಹೀರಾತು ಹರಾಜಿನ ಎರಡು ಮಾರುಕಟ್ಟೆಗಳಲ್ಲಿ ಗೂಗಲ್ ಕಾನೂನುಬಾಹಿರ ಏಕಸ್ವಾಮ್ಯ ನಡೆಸಿದೆ ಎಂದು 2025ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯಾಧೀಶೆ ಲಿಯೊನಿ ಬ್ರಿಂಕೆಮಾ ತೀರ್ಪಿತ್ತರು. ಕಂಪನಿಯನ್ನು ಒಡೆದರೆ ಪ್ರಕಾಶಕರ ಪಾಲು ಹೆಚ್ಚುತ್ತದೆಯೇ ಎಂಬ ಬಗ್ಗೆ ಒಮ್ಮತವಿಲ್ಲ. ಒಪ್ಪಿಗೆ ಕೊಡಿ, ಇಲ್ಲವೇ ಹಣ ಕೊಡಿ ಎನ್ನುವುದು ಒಪ್ಪಿಗೆಯೇ? ಯುರೋಪ್ ಅಲ್ಲ ಎಂದು 2025ರಲ್ಲಿ ಮೆಟಾಕ್ಕೆ 20 ಕೋಟಿ ಯೂರೊ ದಂಡ ಹಾಕಿತು, ಮೆಟಾ ಒಪ್ಪಿಲ್ಲ. ನಮ್ಮಲ್ಲಿ 18 ತುಂಬದವರನ್ನು, ಎಲ್ಲರ ಗುರುತಿನ ಚೀಟಿ ಕೇಳದೆ ಪತ್ತೆಹಚ್ಚುವುದು ಹೇಗೆಂಬುದಕ್ಕೆ ಎಲ್ಲರೂ ಒಪ್ಪುವ ವಿಧಾನ ಸಿಕ್ಕಿಲ್ಲ.

ಈ ವಾದಗಳು ತೀರುವ ತನಕ ಕನ್ನಡದ ಸಣ್ಣ ಪ್ರಕಾಶಕರು, ಪತ್ರಿಕೆಗಳು, ರಂಗತಂಡಗಳು, ನೇಕಾರರ ಸಂಘಗಳು ಕಾಯಬೇಕಿಲ್ಲ. ನಮ್ಮ ಪತ್ರಿಕೆಗಳು ದಶಕಗಟ್ಟಲೆ ಬದುಕಿದ್ದು ಚಂದಾದಾರರ ವಿಳಾಸಪಟ್ಟಿಯ ಮೇಲೆ. ಹೊಸಬರನ್ನು ತಲುಪಲು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗೆ ಹಣ ಹಾಕುವುದಿದ್ದರೆ ಹಾಕಲಿ. ಬಂದವರನ್ನು ಕೇಳಿ, ಅವರು ಒಪ್ಪಿದರೆ, ಹೆಸರು, ಇಮೇಲ್, ಫೋನ್ ನಂಬರನ್ನು ತಮ್ಮದೇ ಕಡತದಲ್ಲಿ ಬರೆದಿಟ್ಟುಕೊಳ್ಳಲಿ. ಬೇಡ ಎಂದವರ ಹೆಸರನ್ನು ಅಂದೇ ತೆಗೆಯಲಿ. ವರ್ಷಕ್ಕೊಮ್ಮೆ ಎರಡು ವಾರ ಬೂಸ್ಟ್ ನಿಲ್ಲಿಸಿ, ಗಲ್ಲಾಪೆಟ್ಟಿಗೆಯಲ್ಲಿ ಏನಾದರೂ ವ್ಯತ್ಯಾಸ ಕಂಡಿತೇ ಎಂದು ತಾವೇ ನೋಡಲಿ.